ನೂರು ವರ್ಷದ ಹಿಂದಿನ ವಾರ್ಡಿನ ಸಾವಿನ ಲೆಕ್ಕ: ಯಾವ ಅಂಕಿಯನ್ನು ಎಷ್ಟು ನಂಬಬೇಕು?

ಪ್ರಶ್ನೆ: 1900ರ ದಶಕದಲ್ಲಿ ಇಂಗ್ಲೆಂಡಿನ ಒಂದು ಕೈಗಾರಿಕಾ ನಗರದ ಆರೋಗ್ಯಾಧಿಕಾರಿ ಬರೆದ ವಾರ್ಷಿಕ ವರದಿಗಳನ್ನು ಓದುತ್ತಿದ್ದೇನೆ. ಒಂದು ವಾರ್ಡಿನಲ್ಲಿ ಸಾವಿರ ಜನಕ್ಕೆ 22 ಸಾವು, ಇಡೀ ನಗರದಲ್ಲಿ 18. ಆ ವಾರ್ಡು ನಗರದಲ್ಲೇ ಅನಾರೋಗ್ಯಕರ ಜಾಗವಾಗಿತ್ತು ಎಂದು ಪ್ರಬಂಧದಲ್ಲಿ ಬರೆಯಬಹುದೇ?

ಉತ್ತರ: ಈಗಲೇ ಬರೆಯಬೇಡಿ. ಸತ್ತವರು ಆ ವಾರ್ಡಿನವರೇ ಎಂಬುದು ಮೊದಲು ಖಾತ್ರಿಯಾಗಲಿ. ವಾರ್ಡಿನ ಗಡಿಯೊಳಗೆ ಸಾರ್ವಜನಿಕ ಆಸ್ಪತ್ರೆಯೋ ಬಡವರ ಆಶ್ರಮದ ಆಸ್ಪತ್ರೆಯೋ ಇದ್ದರೆ ನಗರದ ಮೂಲೆಮೂಲೆಯಿಂದ ಬಂದವರು ಅಲ್ಲಿ ಸಾಯುತ್ತಾರೆ, ಲೆಕ್ಕ ಮಾತ್ರ ಆ ವಾರ್ಡಿನ ತಲೆಗೆ ಬರುತ್ತದೆ. ಇಂಗ್ಲೆಂಡಿನಲ್ಲಿ ಇಂಥ ಸಾವುಗಳನ್ನು ಮೃತರ ವಾಸದ ಊರಿಗೆ ವರ್ಗಾಯಿಸುವ ಪದ್ಧತಿ ರಾಷ್ಟ್ರೀಯ ಅಂಕಿಅಂಶಗಳಲ್ಲಿ ವ್ಯವಸ್ಥಿತವಾಗಿ ಬಂದದ್ದು 1911ರಿಂದ. ಅದಕ್ಕೂ ಹಿಂದೆ ಕೆಲವು ಆರೋಗ್ಯಾಧಿಕಾರಿಗಳು ತಾವಾಗಿಯೇ ತಿದ್ದುತ್ತಿದ್ದರು, ಉಳಿದವರು ತಿದ್ದುತ್ತಿರಲಿಲ್ಲ. ನಿಮ್ಮ ವರದಿಯ ಕೋಷ್ಟಕದ ಕೆಳಗಿನ ಟಿಪ್ಪಣಿಯಲ್ಲಿ ಅದು ಹೇಳಿರುತ್ತದೆ, ಹುಡುಕಿ.

ಒಂದು ಕಾಲ್ಪನಿಕ ವಾರ್ಡು ಇಟ್ಟುಕೊಂಡು ಲೆಕ್ಕ ಮಾಡೋಣ. ಜನಸಂಖ್ಯೆ 12,000, ಸಾವು 264. ದರ ಸಾವಿರಕ್ಕೆ 22. ಈ 264ರಲ್ಲಿ 42 ಮಂದಿ ಆಶ್ರಮದ ಆಸ್ಪತ್ರೆಯಲ್ಲಿ ತೀರಿಕೊಂಡ ಹೊರಗಿನವರು. ಅವರನ್ನು ಕಳೆದರೆ ಉಳಿದದ್ದು 222, ದರ 18.5. ಇಷ್ಟಕ್ಕೇ ನಿಲ್ಲಿಸುವವರು ಬಹಳ ಮಂದಿ, ಅಲ್ಲೇ ತಪ್ಪಾಗುವುದು. ಈ ವಾರ್ಡಿನ 18 ಮಂದಿ ನಗರದ ಬೇರೆ ಕಡೆಯ ಆಸ್ಪತ್ರೆಗಳಲ್ಲಿ ಸತ್ತಿದ್ದರೆ ಅವರನ್ನು ಮರಳಿ ಸೇರಿಸಬೇಕು. ಒಟ್ಟು 240, ದರ 20. ಕಳೆಯುವ ಕೆಲಸ ಮಾಡಿ ಸೇರಿಸುವುದನ್ನು ಬಿಟ್ಟರೆ ಬಡ ವಾರ್ಡು ಇದ್ದುದಕ್ಕಿಂತ ಆರೋಗ್ಯವಾಗಿ ಕಾಣುತ್ತದೆ.

ಇನ್ನು ವಯಸ್ಸಿನ ಹಂಚಿಕೆ. ಗಿರಣಿಗಳ ಸುತ್ತಲಿನ ವಾರ್ಡಿನಲ್ಲಿ ದುಡಿಯುವ ವಯಸ್ಸಿನವರೇ ತುಂಬಿರುತ್ತಾರೆ. ಆ ವಯಸ್ಸಿನಲ್ಲಿ ಸಾವು ಕಡಿಮೆ ಇರುವುದರಿಂದ ಒಟ್ಟು ದರವೂ ಕೆಳಗಿಳಿದು ಕಾಣುತ್ತದೆ. ಇಡೀ ನಗರದಲ್ಲಿ ಐದು ವರ್ಷದೊಳಗಿನವರಿಗೆ ಸಾವಿರಕ್ಕೆ 50, 5ರಿಂದ 44ರವರೆಗೆ 5, 45 ದಾಟಿದವರಿಗೆ 35 ಸಾವು ಎಂದಿರಲಿ. ನಮ್ಮ ವಾರ್ಡಿನಲ್ಲಿ ಈ ಗುಂಪುಗಳಲ್ಲಿ ಕ್ರಮವಾಗಿ 1,500, 9,000 ಮತ್ತು 1,500 ಜನ. ನಗರದ ದರವೇ ಇಲ್ಲಿಯೂ ನಡೆದಿದ್ದರೆ 75, 45 ಮತ್ತು 52.5, ಅಂದರೆ ಒಟ್ಟು 172.5 ಸಾವು ಆಗಬೇಕಿತ್ತು. ಆದದ್ದು 240. ನಿರೀಕ್ಷೆಗಿಂತ 39 ಶೇಕಡಾ ಹೆಚ್ಚು. 20 ಮತ್ತು 18ನ್ನು ಅಕ್ಕಪಕ್ಕ ಇಟ್ಟಾಗ ಕಂಡದ್ದು ಬರೀ 11 ಶೇಕಡಾ ವ್ಯತ್ಯಾಸ. ಆಸ್ಪತ್ರೆಯ ತಿದ್ದುಪಡಿ ವಾರ್ಡಿನ ಮೇಲಿನ ಆಪಾದನೆಯನ್ನು ತಗ್ಗಿಸಿತು, ವಯಸ್ಸಿನ ತಿದ್ದುಪಡಿ ಅದನ್ನು ಮೊದಲಿಗಿಂತ ಗಟ್ಟಿ ಮಾಡಿತು. ಎರಡನ್ನೂ ಮಾಡದೆ ತೀರ್ಪು ಕೊಡಬಾರದು.

ಇದೆಲ್ಲ ನಿಂತಿರುವುದು 12,000 ಎಂಬ ಸಂಖ್ಯೆಯ ಮೇಲೆ. ಅದು ಎಲ್ಲಿಂದ ಬಂತು? ಗಣತಿ ಹತ್ತು ವರ್ಷಕ್ಕೊಮ್ಮೆ, 1901ರಲ್ಲಿ, ಮತ್ತೆ 1911ರಲ್ಲಿ. ನಡುವಿನ ವರ್ಷಗಳಲ್ಲಿ ಹಿಂದಿನ ದಶಕದ ವೇಗದಲ್ಲೇ ಜನ ಬೆಳೆದರು ಎಂದು ಭಾವಿಸಿ ಅಂದಾಜು ಹಾಕುತ್ತಿದ್ದರು. ಅಷ್ಟರಲ್ಲಿ ರೈಲ್ವೆಗೋ ರಸ್ತೆಗೋ ಎರಡು ಬೀದಿ ಕೆಡವಿದ್ದರೆ ಅಂದಾಜಿನಲ್ಲಿ ಇರುವ ಜನ ನೆಲದ ಮೇಲೆ ಇಲ್ಲ, ದರ ಸುಳ್ಳಾಗಿ ತಗ್ಗುತ್ತದೆ. 1908, 1909ರ ದರಗಳಲ್ಲಿ ಈ ದೋಷ ಅತಿ ಹೆಚ್ಚು. ಆದ್ದರಿಂದ ಗಣತಿಯ ಅಕ್ಕಪಕ್ಕದ ಮೂರು ವರ್ಷಗಳನ್ನು, ಅಂದರೆ 1900ರಿಂದ 1902 ಮತ್ತು 1910ರಿಂದ 1912ನ್ನು, ಒಟ್ಟುಗೂಡಿಸಿ ಸರಾಸರಿ ತೆಗೆದು ಹೋಲಿಸಿ. ವಾರ್ಡಿನ ಗಡಿ ನಡುವೆ ಬದಲಾಗಿದೆಯೇ ಎಂದು ನಕ್ಷೆಯಲ್ಲಿ ನೋಡಿದ ಮೇಲೆಯೇ ಈ ಕೆಲಸ.

ಗಣತಿಯ ಅಂಕಿಯೂ ಕೈಕೊಡುವುದುಂಟು. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡ್ವಿಯಲ್ಲಿ, ಬಂದರಿಗೆ ಹತ್ತಿರದ ಧಾನ್ಯದ ಗೋದಾಮುಗಳ ನಡುವೆ, ಪ್ಲೇಗು ಕಾಣಿಸಿಕೊಂಡಿತು. ಅಲ್ಲಿಂದ ಮುಂದೆ ಪ್ರತಿ ಚಳಿಗಾಲದ ಕೊನೆಗೆ ರೋಗ ಏರುತ್ತಿತ್ತು, ಜನ ಊರು ಬಿಡುತ್ತಿದ್ದರು. 1901ರ ಗಣತಿ ನಡೆದದ್ದು ಮಾರ್ಚ್ 1ರಂದು, ಸರಿಯಾಗಿ ಆ ಕಾಲದಲ್ಲಿ. ಸಿಕ್ಕ ಸಂಖ್ಯೆ 7,76,006. ಐದೇ ವರ್ಷಕ್ಕೆ, 1906ರಲ್ಲಿ ನಗರವೇ ನಡೆಸಿದ ಗಣತಿಯಲ್ಲಿ 9,77,822. ವರ್ಷಕ್ಕೆ 40,000 ಸಾವು ಎಂದುಕೊಂಡರೆ ಮೊದಲನೆಯದರಿಂದ ಭಾಗಿಸಿದಾಗ ಸಾವಿರಕ್ಕೆ 51.5, ಎರಡನೆಯದರಿಂದ 40.9. ಒಬ್ಬನೂ ಹೆಚ್ಚು ಬದುಕದೆ ದರ ಹತ್ತು ಅಂಶ ಇಳಿದುಬಿಡುತ್ತದೆ.

ಪ್ರಶ್ನೆ: ಅದೇ ನಗರದ ಶಿಶು ಮರಣದ ಪಟ್ಟಿಯಲ್ಲಿ 1910ರ ಅಂಕಿ ತಗ್ಗಿದೆ, 1911ರಲ್ಲಿ ಏಕಾಏಕಿ ಏರಿದೆ, 1912ರಲ್ಲಿ ಮತ್ತೆ ಇಳಿದಿದೆ. ಮುದ್ರಣದ ತಪ್ಪೇ?

ಉತ್ತರ: ತಪ್ಪಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್ ಒಟ್ಟಾರೆ ನೋಡಿದರೂ ಇದೇ ಚಿತ್ರ. ಹುಟ್ಟಿದ ಸಾವಿರ ಮಕ್ಕಳಲ್ಲಿ ವರ್ಷ ತುಂಬುವ ಮೊದಲು ಸತ್ತವರು 1910ರಲ್ಲಿ 105, 1911ರಲ್ಲಿ 130, 1912ರಲ್ಲಿ 95. ನಡುವಿನ ವರ್ಷ ಭೀಕರ ಬೇಸಿಗೆ. ಮಕ್ಕಳನ್ನು ಕೊಂದದ್ದು ಭೇದಿ.

ಎಡ್ವರ್ಡ್ ಬಲಾರ್ಡ್ ಎಂಬ ವೈದ್ಯಾಧಿಕಾರಿ 1880ರ ದಶಕದಲ್ಲೇ ಒಂದು ಸಂಗತಿ ಗುರುತಿಸಿದ್ದರು. ಬೇಸಿಗೆಯ ಭೇದಿಯಿಂದ ಸಾಯುವವರ ಸಂಖ್ಯೆ ಏರಲು ಆರಂಭಿಸುವುದು ಗಾಳಿ ಬಿಸಿಯಾದ ಕೂಡಲೇ ಅಲ್ಲ, ನೆಲದಡಿ ನಾಲ್ಕು ಅಡಿ ಆಳದ ತಾಪಮಾಪಕ 56 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ ಮೇಲೆ. ಮಣ್ಣಿನಿಂದಲೇ ರೋಗ ಏಳುತ್ತದೆ ಎಂಬ ಅವರ ವಿವರಣೆ ನಿಲ್ಲಲಿಲ್ಲ. ಆದರೆ ಗಮನಿಸಿದ್ದು ಸರಿಯಾಗಿತ್ತು: ಆಳದ ನೆಲ ಕಾಯಬೇಕಾದರೆ ವಾರಗಟ್ಟಲೆ ಬಿಡದೆ ಬಿಸಿಲು ಬೇಕು, ನೊಣಗಳು ತಲೆಮಾರಿನ ಮೇಲೆ ತಲೆಮಾರು ಹೆಚ್ಚುವುದಕ್ಕೂ ಅಷ್ಟೇ ಕಾಲ ಬೇಕು. ಬೀದಿಯಲ್ಲಿ ಕುದುರೆ ಲದ್ದಿಯ ರಾಶಿ, ಹಿತ್ತಲಲ್ಲಿ ವಾರಕ್ಕೊಮ್ಮೆ ಖಾಲಿ ಮಾಡುವ ಮಲದ ಬಕೆಟ್ಟು, ಅಲ್ಲಿಂದ ನೊಣ ನೇರ ಹಾಲಿನ ಪಾತ್ರೆಗೆ.

ಮಗುವಿಗೆ ಹಾಲುಣಿಸುವ ಬಾಟಲಿಯದು ಬೇರೆಯೇ ಕಥೆ. ಚಪ್ಪಟೆ ಗಾಜಿನ ಸೀಸೆ, ಅದರ ಬಾಯಿಂದ ಹೊರಟ ಉದ್ದನೆಯ ರಬ್ಬರ್ ಕೊಳವೆ, ತುದಿಯಲ್ಲಿ ಮೊಲೆತೊಟ್ಟು. ಮಗುವನ್ನು ಮಲಗಿಸಿ ತೊಟ್ಟನ್ನು ಬಾಯಿಗಿಟ್ಟರೆ ಸಾಕು, ಯಾರೂ ಹಿಡಿದಿರಬೇಕಾಗಿರಲಿಲ್ಲ. ಆ ಕೊಳವೆಯೊಳಗೆ ಬ್ರಷ್ ತಿರುಗುವುದಿಲ್ಲ. ಒಳಗೋಡೆಗೆ ಅಂಟಿದ ಹಾಲು ಹುಳಿಯುತ್ತದೆ, ಮುಂದಿನ ಸಲದ ಹಾಲು ಅದನ್ನು ತೊಳೆದುಕೊಂಡೇ ಮಗುವಿನ ಹೊಟ್ಟೆಗೆ ಹೋಗುತ್ತದೆ. ಫ್ರಾನ್ಸ್ 1910ರಲ್ಲಿ ಇಂಥ ಬಾಟಲಿಯ ಮಾರಾಟವನ್ನು ಕಾನೂನಿನಿಂದ ನಿಷೇಧಿಸಿತು.

ನಿಮ್ಮ ವಾರ್ಡಿನಲ್ಲೂ ಇದೇ ನಡೆಯಿತೇ ಎಂದು ನೋಡಲು ವರ್ಷದ ಶಿಶು ಸಾವುಗಳನ್ನು ಮೂರು ಮೂರು ತಿಂಗಳಿಗೆ ಒಡೆಯಿರಿ. ಜುಲೈನಿಂದ ಸೆಪ್ಟೆಂಬರ್‌ವರೆಗಿನ ಪಾಲು ಉಬ್ಬಿದ್ದರೆ ಭೇದಿ. ಆಮೇಲೆ ವಯಸ್ಸು ನೋಡಿ. ಮೊದಲ ನಾಲ್ಕು ವಾರದ ಸಾವುಗಳು ವರ್ಷದಿಂದ ವರ್ಷಕ್ಕೆ ಹೆಚ್ಚು ಕದಲುವುದಿಲ್ಲ, ಅವುಗಳ ಬೇರು ಅಕಾಲ ಜನನ, ಹೆರಿಗೆಯ ತೊಂದರೆ, ಹುಟ್ಟು ನಿಶ್ಶಕ್ತಿ. ಕದಲುವುದು ತಿಂಗಳು ತುಂಬಿದ ಮೇಲಿನ ಸಾವುಗಳು. ಇವೆರಡನ್ನು ಬೇರ್ಪಡಿಸದೆ ‘ಶಿಶು ಮರಣ ಇಳಿಯಿತು’ ಎಂದರೆ ಯಾಕೆ ಇಳಿಯಿತೆಂದು ತಿಳಿಯುವುದಿಲ್ಲ.

ಸಣ್ಣ ಸಂಖ್ಯೆಗಳ ಬಗ್ಗೆಯೂ ಎಚ್ಚರವಿರಲಿ. ವಾರ್ಡಿನಲ್ಲಿ ವರ್ಷಕ್ಕೆ 360 ಜನನ, 54 ಶಿಶು ಸಾವು ಇದ್ದರೆ ದರ 150. ಆಕಸ್ಮಿಕ ಏರಿಳಿತದ ಅಂದಾಜು ಸಿಗುವುದು ಸಾವಿನ ಸಂಖ್ಯೆಯ ವರ್ಗಮೂಲದಿಂದ: 54ರ ವರ್ಗಮೂಲ ಸುಮಾರು 7.3, ಅದರ ಎರಡು ಪಟ್ಟು 15 ಹತ್ತಿರ. ಅಂದರೆ ಏನೂ ಬದಲಾಗದಿದ್ದರೂ ಬರೀ ಆಕಸ್ಮಿಕದಿಂದ ಸಾವು 39ರಿಂದ 69ರವರೆಗೆ, ದರ ಸುಮಾರು 108ರಿಂದ 192ರವರೆಗೆ ಓಲಾಡಬಹುದು. ಐದು ವರ್ಷ ಕೂಡಿಸದೆ ವಾರ್ಡುಗಳಿಗೆ ರ‍್ಯಾಂಕು ಕೊಡಬೇಡಿ.

ಆ ಕಾಲದ ವರದಿಗಳು ತಾಯಂದಿರ ಅಜ್ಞಾನವನ್ನು ದೂರುತ್ತಲೇ ಹೋಗುತ್ತವೆ. ಆ ಮಾತನ್ನು ಹಾಗೇ ಎತ್ತಿ ಬರೆಯಬೇಡಿ. ಅಂಗಳಕ್ಕೊಂದೇ ನಲ್ಲಿ, ಹಾಲು ತಣ್ಣಗಿಡಲು ಜಾಗವಿಲ್ಲ, ಹೆರಿಗೆಯಾದ ಕೆಲವೇ ವಾರಕ್ಕೆ ಗಿರಣಿಗೆ ಮರಳಬೇಕು. ಇಂಥ ಮನೆಯಲ್ಲಿ ಯಾವ ಜ್ಞಾನ ಏನು ಮಾಡೀತು? ಉಪದೇಶದ ಜೊತೆ ವ್ಯವಸ್ಥೆಯನ್ನೂ ಒದಗಿಸಿದ ಕಡೆ ಕೆಲಸ ನಡೆಯಿತು. ಇಂಗ್ಲೆಂಡಿನ ಸೇಂಟ್ ಹೆಲೆನ್ಸ್ ಪಟ್ಟಣ 1899ರಲ್ಲಿ ಬ್ರಿಟನ್ನಿನ ಮೊದಲ ಶಿಶು ಹಾಲಿನ ಕೇಂದ್ರ ತೆರೆಯಿತು. ಹಡರ್ಸ್‌ಫೀಲ್ಡಿನ ಮೇಯರ್ ಬೆಂಜಮಿನ್ ಬ್ರಾಡ್‌ಬೆಂಟ್ 1904ರಲ್ಲಿ, ಲಾಂಗ್‌ವುಡ್ ಭಾಗದಲ್ಲಿ ತಮ್ಮ ಅಧಿಕಾರಾವಧಿಯಲ್ಲಿ ಹುಟ್ಟುವ ಪ್ರತಿ ಮಗುವಿಗೂ ಒಂದು ವರ್ಷ ತುಂಬಿದ ದಿನ ಒಂದು ಪೌಂಡು ಕೊಡುವುದಾಗಿ ಬರೆದುಕೊಟ್ಟರು, ಮನೆ ಭೇಟಿಗೆ ಮಹಿಳೆಯರನ್ನೂ ಗೊತ್ತುಮಾಡಿದರು. ಭೇಟಿ ಫಲ ಕೊಡಬೇಕಾದರೆ ಮಗು ಹುಟ್ಟಿದ್ದು ಬೇಗ ತಿಳಿಯಬೇಕು. ಜನನ ನೋಂದಣಿಗೆ 42 ದಿನದ ಅವಕಾಶವಿತ್ತು, ಅಷ್ಟರೊಳಗೆ ಎಷ್ಟೋ ಮಕ್ಕಳು ಹೋಗಿಬಿಡುತ್ತಿದ್ದವು. 36 ಗಂಟೆಯೊಳಗೆ ಆರೋಗ್ಯಾಧಿಕಾರಿಗೆ ತಿಳಿಸಬೇಕೆಂಬ ಕಾಯ್ದೆ 1907ರಲ್ಲಿ ಬಂತು, ದೇಶಕ್ಕೆಲ್ಲ ಕಡ್ಡಾಯವಾದದ್ದು 1915ರಲ್ಲಿ.

ಶಿಶು ಮರಣ ದರಕ್ಕೆ ಗಣತಿ ಬೇಡ, ಜನನ ನೋಂದಣಿ ಸಾಕು ಎಂಬುದು ಅದರ ಬಲ. ನೋಂದಣಿ ಹಳಿ ತಪ್ಪಿದರೆ ಅದೇ ದೌರ್ಬಲ್ಯ. ಮುಂಬಯಿಯಲ್ಲಿ ಬಹಳ ಹೆಂಗಸರು ಹೆರಿಗೆಗೆ ಊರಿಗೆ ಹೋಗಿ ಮಗುವಿನೊಂದಿಗೆ ಮರಳುತ್ತಿದ್ದರು. ಜನನ ಹಳ್ಳಿಯಲ್ಲಿ, ಸಾವು ನಗರದಲ್ಲಿ. 1921ರಲ್ಲಿ ಅಲ್ಲಿನ ದಾಖಲೆಯ ದರ ಸಾವಿರಕ್ಕೆ 600 ದಾಟಿದ್ದರಲ್ಲಿ ಇದರ ಪಾಲೂ ಇದೆ, ಬಾಕಿ ಉಳಿದದ್ದೂ ಘೋರವೇ.

ಪ್ರಶ್ನೆ: ಸಾವಿನ ಕಾರಣದ ಕಲಮಿನಲ್ಲಿ ‘ನಿಶ್ಶಕ್ತಿ’, ‘ಸೆಳವು’, ‘ಹಲ್ಲು ಬರುವಿಕೆ’ ಎಂದೆಲ್ಲ ಇದೆ. ಇವನ್ನು ಏನು ಮಾಡಲಿ?

ಉತ್ತರ: ರೋಗವೆಂದು ಎಣಿಸಬೇಡಿ. ಇವು ಕೊನೆಗೆ ಕಂಡ ಲಕ್ಷಣ, ಇಲ್ಲವೇ ಆಗಿನ ವೈದ್ಯರ ಊಹೆ. ಬೇಸಿಗೆಯಲ್ಲಿ ಇವು ಏರಿದ್ದರೆ ಭೇದಿಯ ಜೊತೆಗೆ ಕೂಡಿಸಿ ನೋಡಿ. ‘ಭೇದಿ’ ಇಳಿದ ವರ್ಷವೇ ‘ಕರುಳಿನ ಉರಿಯೂತ’ ಏರಿದ್ದರೆ ಬದಲಾದದ್ದು ಬರೆಯುವ ರೂಢಿ. ಸಾವಿನ ಕಾರಣಗಳ ಅಂತರರಾಷ್ಟ್ರೀಯ ಪಟ್ಟಿಯಾದ ಬರ್ಟಿಲಾನ್ ವರ್ಗೀಕರಣದ ಪರಿಷ್ಕರಣೆ 1900ರಿಂದ ಹತ್ತು ವರ್ಷಕ್ಕೊಮ್ಮೆ ನಡೆಯುತ್ತಿತ್ತು, ನಿಮ್ಮ ನಗರ ಅದನ್ನು ಯಾವ ವರ್ಷ ಅಳವಡಿಸಿಕೊಂಡಿತು ಎಂದು ಗುರುತು ಹಾಕಿಕೊಳ್ಳಿ.

ಪ್ರಶ್ನೆ: ಒಂದೇ ಕೋಣೆಯ ಮನೆಗಳಲ್ಲಿ ಕ್ಷಯದ ಸಾವು ಹೆಚ್ಚು. ಕೋಣೆಯೇ ಕಾರಣ ಎನ್ನಬಹುದೇ?

ಉತ್ತರ: ಭಾಗಶಃ. ಮುಚ್ಚಿದ ಕೋಣೆಯಲ್ಲಿ ಕೆಮ್ಮುವವರ ಪಕ್ಕ ಮಲಗಿದರೆ ಸೋಂಕು ತಗಲುತ್ತದೆ. ಆದರೆ ಕ್ಷಯ ಬಂದವನು ಕೂಲಿ ಕಳೆದುಕೊಂಡು ಅಗ್ಗದ ಕೋಣೆಗೆ ಇಳಿದು ಬರುವುದೂ ಉಂಟು. ಆಗ ರೋಗ ಮೊದಲು, ಕೋಣೆ ಆಮೇಲೆ. ಕುಟುಂಬ ಆ ಮನೆಗೆ ಬಂದ ವರ್ಷ ಸಿಕ್ಕರೆ ಮಾತ್ರ ಇವೆರಡನ್ನು ಬಿಡಿಸಬಹುದು. ಕಿಕ್ಕಿರಿತದ ಅಂಕಿಯೂ ಪೂರ್ತಿ ನಿಜವಲ್ಲ. ಗ್ಲಾಸ್ಗೋದಲ್ಲಿ ಸಣ್ಣ ಮನೆಗಳ ಬಾಗಿಲಿಗೆ ಎಷ್ಟು ಘನ ಅಡಿ, ಎಷ್ಟು ಜನ ಎಂದು ತಗಡಿನ ಚೀಟಿ ಹೊಡೆದಿರುತ್ತಿದ್ದರು, ರಾತ್ರಿ ತಪಾಸಣೆ ನಡೆಯುತ್ತಿತ್ತು. ಮಿತಿಗಿಂತ ಹೆಚ್ಚಾಗಿದ್ದವರು ಕಪಾಟಿನೊಳಗೂ ಮಾಡಿನ ಮೇಲೂ ಅಡಗುತ್ತಿದ್ದರು. ದಾಖಲಾದದ್ದು ಸಿಕ್ಕಿಬಿದ್ದವರ ಲೆಕ್ಕ.

ಪ್ರಶ್ನೆ: ವಾರ್ಡಿಗೆ ಶೋಧಿಸಿದ ನೀರು ಬಂದ ಮೇಲೆ ಟೈಫಾಯ್ಡ್ ಇಳಿದಿದೆ. ನೀರಿನಿಂದಲೇ ಎಂದು ಹೇಗೆ ತೋರಿಸಲಿ?

ಉತ್ತರ: ಗಟ್ಟಿ ಪುರಾವೆ ಬೇಕಾದರೆ ಗಡಿ ಹುಡುಕಿ. 1892ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಕಾಲರಾಕ್ಕೆ 8,000ಕ್ಕೂ ಹೆಚ್ಚು ಜನ ಸತ್ತರು. ಹೊಂದಿಕೊಂಡೇ ಇದ್ದ ಆಲ್ಟೋನಾ ಪಟ್ಟಣ ಬಹುಪಾಲು ಪಾರಾಯಿತು. ಎರಡೂ ಎಲ್ಬೆ ನದಿಯ ನೀರನ್ನೇ ಕುಡಿಯುತ್ತಿದ್ದವು, ಆಲ್ಟೋನಾ ಎತ್ತುತ್ತಿದ್ದದ್ದು ಹ್ಯಾಂಬರ್ಗಿನ ಕೊಳಚೆ ಸೇರಿದ ಮೇಲಿನ ನೀರನ್ನು. ಆದರೆ ಅದನ್ನು ನಿಧಾನವಾಗಿ ಮರಳಿನ ಮೂಲಕ ಇಳಿಸುತ್ತಿತ್ತು. ಗಡಿಯ ಬೀದಿಗಳಲ್ಲಿ ಮಣ್ಣು, ಗಾಳಿ ಒಂದೇ, ಬೇರೆಯಾದದ್ದು ಕೊಳವೆ.

ನಿಮ್ಮ ವಾರ್ಡಿನಲ್ಲಿ ಹಾಗೆ ಗಡಿ ಸಿಗದಿದ್ದರೆ ಕಾಲ ನೋಡಿ. ಸೋಂಕು ತಗಲಿ ಜ್ವರ ಬರಲು ಒಂದರಿಂದ ಮೂರು ವಾರ, ಸಾವು ಹೆಚ್ಚಾಗಿ ಜ್ವರದ ಮೂರನೇ ವಾರದ ಆಸುಪಾಸು. ಹಾಗಾಗಿ ನೀರು ಬದಲಾದ ಆರೇಳು ವಾರಕ್ಕೆ ಸಾವು ಇಳಿಯತೊಡಗಬೇಕು, ಎರಡು ವರ್ಷದ ಹಿಂದೆಯೇ ಇಳಿಕೆ ಶುರುವಾಗಿದ್ದರೆ ಕಾರಣ ಬೇರೆ ಇದೆ. ದಡಾರದ ಸಾವನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ನೀರಿಗೂ ಅದಕ್ಕೂ ಸಂಬಂಧವಿಲ್ಲ. ಅದೂ ಅಷ್ಟೇ ಇಳಿದಿದ್ದರೆ ನೀರಿಗೆ ಪೂರ್ತಿ ಶ್ರೇಯಸ್ಸು ಕೊಡಲಾಗದು. ಒಂದಿಷ್ಟು ಟೈಫಾಯ್ಡ್ ಉಳಿದೇ ಇದ್ದರೆ ಹಾಲು ಮತ್ತು ರೋಗವಾಹಕರ ಕಡೆ ನೋಡಿ. ನ್ಯೂಯಾರ್ಕಿನ ಅಡುಗೆಯಾಕೆ ಮೇರಿ ಮ್ಯಾಲನ್ ಆರೋಗ್ಯವಾಗಿದ್ದುಕೊಂಡೇ ರೋಗ ಹಂಚುತ್ತಿದ್ದದ್ದು 1907ರಲ್ಲಿ ಪತ್ತೆಯಾಯಿತು. ಬೀದಿಗೆ ದೊಡ್ಡ ಕೊಳವೆ ಬಂದ ದಿನವನ್ನು ಮನೆಗೆ ನೀರು ಬಂದ ದಿನವೆಂದು ಹಿಡಿಯಬೇಡಿ. ಮನೆ ಮಾಲೀಕ ನಲ್ಲಿ ಹಾಕಿಸಲು ಎಷ್ಟೋ ವರ್ಷ ಎಳೆದಿರಬಹುದು, ಹಿತ್ತಲ ಬಾವಿ ಅಷ್ಟು ದಿನವೂ ಬಳಕೆಯಲ್ಲಿರುತ್ತದೆ. ನಗರದ ನೀರಿನ ಇಲಾಖೆಯ ಸಂಪರ್ಕದ ದಾಖಲೆ ಉಳಿದಿದ್ದರೆ, ಟೈಫಾಯ್ಡಿನ ಪ್ರತಿ ಸಾವಿನ ವಿಳಾಸವನ್ನು ಅದರೊಂದಿಗೆ ಒಂದೊಂದಾಗಿ ಹೊಂದಿಸಿ ನೋಡಿ.