ಮಲೆನಾಡಿನಲ್ಲಿದ್ದೇ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆದು ಬದುಕಬಹುದೇ?
ತೀರ್ಥಹಳ್ಳಿ ಬಿಡದೆ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆದು ಬದುಕಬಹುದೇ, ಒಂದು ಪ್ರಶಸ್ತಿ ಬಂದರೆ ದಾರಿ ಸಲೀಸಾಗುತ್ತದೆಯೇ ಎಂದು ಕೇಳಿದ್ದೀರಿ. ಸಾಗರದ ಹತ್ತಿರದ ಹಳ್ಳಿಯಲ್ಲಿ ಕುಳಿತು ನಾನು 14 ವರ್ಷಗಳಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಪ್ರಶಸ್ತಿಯೂ ಒಂದು ಬಂದಿದೆ. ಆ ವರ್ಷ ಶಾಲು ಹೊದೆಸಲು ಕರೆದವರು ಒಂಬತ್ತು ಮಂದಿ, ಕೆಲಸ ಕೊಟ್ಟವರು ಇಬ್ಬರು. ಮಕ್ಕಳ ಸಾಹಿತ್ಯಕ್ಕೆ ಕೊಡುವ ಅಂತರರಾಷ್ಟ್ರೀಯ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿಯಂಥದ್ದೇ 1956ರಲ್ಲಿ ಲೇಖಕರಿಗೆ ಶುರುವಾಗಿ ಚಿತ್ರಕಾರರತ್ತ ತಿರುಗಿದ್ದು 1966ರಲ್ಲಿ. ನಮ್ಮ ಸರದಿ ಯಾವಾಗಲೂ ಸ್ವಲ್ಪ ತಡ.

ಚಿತ್ರಪುಸ್ತಕಕ್ಕೆ ಸಾಮಾನ್ಯವಾಗಿ 32 ಪುಟ. ದೊಡ್ಡ ಹಾಳೆ ಮಡಚಿದರೆ 16 ಪುಟದ ಒಂದು ಫಾರ್ಮ್, ಅಂಥವು ಎರಡು. ಒಂದು ಚೆಂದದ ಚಿತ್ರವನ್ನು ಬಹಳ ಜನ ಬರೆದಾರು. ಒಬ್ಬಳೇ ಹುಡುಗಿಯನ್ನು ಅಷ್ಟೂ ಪುಟ ಓಡಿಸಿ, ಬೀಳಿಸಿ, ಅಳಿಸಿ (ಎರಡೂ ಅರ್ಥದಲ್ಲಿ), ಕೊನೆಗೂ ಅವಳೇ ಇವಳು ಎನ್ನಿಸುವುದು ಕಷ್ಟ. ಮಳೆಗೆ ಗೊರಬು ಹೊದ್ದು ಗದ್ದೆಗೆ ಹೋಗುವ ಹುಡುಗಿಯ ಕಥೆಗೆ ನಾನು ಚಿತ್ರ ಬರೆದಿದ್ದೆ. ಅದನ್ನು ಇಲ್ಲಿನ ಶಾಲೆಯೊಂದರಲ್ಲಿ ಓದಿದಾಗ ಎರಡನೇ ತರಗತಿಯ ಹುಡುಗ ಎದ್ದು ನಿಂತ: "11ನೇ ಪುಟದಲ್ಲಿ ಇವಳ ಚಪ್ಪಲಿಯ ಬಾರು ಕಿತ್ತುಹೋಗಿದೆ. 14ರಲ್ಲಿ ಸರಿಯಾಗಿದೆ. ಹೊಲಿದು ಕೊಟ್ಟವರು ಯಾರು?" ಬಹುಮಾನ ಕೊಟ್ಟ ತೀರ್ಪುಗಾರರಿಗೆ ಕಾಣದ್ದು ಅವನಿಗೆ ಕಂಡಿತ್ತು.

ಆದ್ದರಿಂದ ಪ್ರಕಾಶಕರಿಗೆ ಮಾದರಿ ಕಳುಹಿಸುವಾಗ ಹತ್ತು ಬಿಡಿ ಚಿತ್ರಗಳ ಬದಲು ಒಂದೇ ಪಾತ್ರದ ಮೂರು ಸತತ ಪುಟಗಳನ್ನು ಕಳುಹಿಸಿ. ಪ್ರಥಮ್ ಬುಕ್ಸ್ ಪ್ರಕಾಶನದವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಚಿತ್ರಪುಸ್ತಕಗಳು ಉಚಿತವಾಗಿ ಸಿಗುತ್ತವೆ, ಪುಟ ತಿರುವುವ ಜಾಗಗಳನ್ನು ನೋಡಿ ಕಲಿಯಿರಿ. ಇನ್ನು ಆಷಾಢದಲ್ಲಿ ಜಲವರ್ಣದ ಕೆಲಸ ಒಪ್ಪಿಕೊಳ್ಳಬೇಡಿ. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಲು ಹೋಗಿ ನಾನು ಒಂದು ಇಡೀ ಆಕಾಶವನ್ನು ಹೊಗೆ ಬಣ್ಣಕ್ಕೆ ತಿರುಗಿಸಿದ್ದೇನೆ.

ಎಲ್ಲಕ್ಕಿಂತ ಮುಖ್ಯ, ಕರಾರುಪತ್ರ ಓದದೆ ಸಹಿ ಹಾಕಬೇಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರದ ಹಕ್ಕು ಕಲಾವಿದರ ಜೀವಿತಾವಧಿ ಮತ್ತು ಆಮೇಲೆ 60 ವರ್ಷ ಇರುತ್ತದೆ. ಹಕ್ಕು ಬರೆದುಕೊಡುವಾಗ ಅವಧಿ ನಮೂದಿಸದಿದ್ದರೆ ಅದು 5 ವರ್ಷ ಎಂದೇ ಲೆಕ್ಕ. ನನ್ನ ಮೊದಲ ಪ್ರಕಾಶಕರು ಅವಧಿಯನ್ನು ಮರೆಯದೆ ನಮೂದಿಸಿದ್ದರು: "ಶಾಶ್ವತವಾಗಿ". ಮುಂಗಡ ಕಂಡ ಖುಷಿಯಲ್ಲಿ ನಾನು ಸಹಿ ಹಾಕಿದೆ. ಆ ಪುಸ್ತಕ ಈಗಲೂ ಮರುಮುದ್ರಣವಾಗುತ್ತಿದೆ. ಯಾರಿಗಾದರೂ ಉಡುಗೊರೆ ಕೊಡಬೇಕೆನಿಸಿದರೆ ನಾನೂ ದುಡ್ಡು ಕೊಟ್ಟೇ ಕೊಳ್ಳುತ್ತೇನೆ.