ಒಂದು ಭುಜ ಇಳಿದಿದ್ದರೆ ಬೆನ್ನು ಡೊಂಕು ಅಂತಲಾ?

ಪ್ರಶ್ನೆ: ನನಗೆ 22 ವರ್ಷ. ಶರ್ಟ್ ಹೊಲಿಸಲು ಹೋದಾಗ ಟೈಲರ್ ‘ನಿಮ್ಮ ಬಲಭುಜ ಸ್ವಲ್ಪ ಇಳಿದಿದೆ’ ಎಂದರು. ಅಂದಿನಿಂದ ಕನ್ನಡಿ ಮುಂದೆ ನಿಂತರೆ ಅದೇ ಕಣ್ಣಿಗೆ ಬೀಳುತ್ತದೆ. ನೋವೇನೂ ಇಲ್ಲ. ಪೋಸ್ಚರ್ ಬೆಲ್ಟ್ ಹಾಕಬೇಕಾ?

ಉತ್ತರ: ಬೆಲ್ಟ್ ಬೇಡ. ನೀವು ಬಲಗೈ ಬಳಸುವವರಾ? ಹಾಗಿದ್ದರೆ ಆ ಕಡೆಯ ಭುಜ ಒಂಚೂರು ಇಳಿದಿರುವುದು ತುಂಬಾ ಸಾಮಾನ್ಯ. ಬ್ಯಾಡ್ಮಿಂಟನ್, ಟೆನಿಸ್ ಆಡುವವರಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಕಾಲುಗಳೂ ಅಷ್ಟೇ, ಅಳತೆ ಹಿಡಿದರೆ ಎರಡೂ ಪಕ್ಕಾ ಸಮ ಇರುವವರು ಅಪರೂಪ, ಅರ್ಧ ಸೆಂಟಿಮೀಟರ್ ವ್ಯತ್ಯಾಸ ಇದ್ದವರೂ ಆರಾಮಾಗಿ ಓಡುತ್ತಾರೆ, ಬೆಟ್ಟ ಹತ್ತುತ್ತಾರೆ, ಅವರಿಗೆ ಅದು ಗೊತ್ತೂ ಇರುವುದಿಲ್ಲ.

‘ಬೆನ್ನು ನೆಟ್ಟಗಿಟ್ಟುಕೋ’ ಅಂತ ಕೇಳುತ್ತಲೇ ಬೆಳೆದಿದ್ದೇವೆ ಅಲ್ವಾ, ಆದರೆ ಪಕ್ಕದಿಂದ ನೋಡಿದರೆ ಯಾವ ಆರೋಗ್ಯವಂತರ ಬೆನ್ನೂ ಕೋಲಿನ ಹಾಗೆ ನೆಟ್ಟಗಿಲ್ಲ. ಕುತ್ತಿಗೆ ಒಳಕ್ಕೆ, ಮೇಲ್ಬೆನ್ನು ಹೊರಕ್ಕೆ, ಸೊಂಟ ಮತ್ತೆ ಒಳಕ್ಕೆ ಬಾಗಿರುತ್ತದೆ. ಮೇಲ್ಬೆನ್ನಿನ ಬಾಗು ಸುಮಾರು 20ರಿಂದ 45 ಡಿಗ್ರಿ ಇದ್ದರೆ ಅದು ಗೂನಲ್ಲ. ನಡೆಯುವಾಗ, ಜಿಗಿಯುವಾಗ ಬೀಳುವ ಭಾರವನ್ನು ಈ ಬಾಗುಗಳೇ ಹಂಚಿಕೊಳ್ಳುತ್ತವೆ. ಇನ್ನು ಹಿಂದಿನಿಂದ ನೋಡಿದಾಗ ಪಕ್ಕಕ್ಕೆ ಬಾಗಿರುವುದು, ಎಕ್ಸ್‌ರೇಯಲ್ಲಿ 10 ಡಿಗ್ರಿ ದಾಟಿ, ಜೊತೆಗೆ ಬೆನ್ನುಮೂಳೆ ತಿರುಚಿಕೊಂಡಿದ್ದರೆ ಮಾತ್ರ ಸ್ಕೋಲಿಯೋಸಿಸ್, ಅಂದರೆ ಬೆನ್ನು ಡೊಂಕು.

ಸಮಾಧಾನಕ್ಕೆ ಮನೆಯಲ್ಲೇ ಹೀಗೆ ಮಾಡಿ. ಶರ್ಟ್ ತೆಗೆದು, ಪಾದ ಜೋಡಿಸಿ, ಮಂಡಿ ಮಡಚದೆ, ಎರಡೂ ಅಂಗೈ ಸೇರಿಸಿ ಮುಂದಕ್ಕೆ ಬಗ್ಗಿ. ಮನೆಯವರು ಯಾರಾದರೂ ಹಿಂದೆ ನಿಂತು ನೋಡಲಿ. ಒಂದು ಕಡೆಯ ಪಕ್ಕೆಲುಬು ಇನ್ನೊಂದು ಕಡೆಗಿಂತ ಸ್ಪಷ್ಟವಾಗಿ ಉಬ್ಬಿದ್ದರೆ ಮೂಳೆ ವೈದ್ಯರಿಗೆ ತೋರಿಸಿ. ಹಾಗೆ ಇದ್ದರೂ ಗಾಬರಿ ಬೇಡ, ನಿಮ್ಮ ವಯಸ್ಸಿಗೆ ಮೂಳೆ ಬೆಳವಣಿಗೆ ಹೆಚ್ಚುಕಡಿಮೆ ಮುಗಿದಿರುತ್ತದೆ, ಸಣ್ಣ ಬಾಗು ಸಾಮಾನ್ಯವಾಗಿ ಅಷ್ಟರಲ್ಲೇ ನಿಲ್ಲುತ್ತದೆ. ಎಚ್ಚರ ಬೇಕಾಗಿರುವುದು ಇನ್ನೂ ಎತ್ತರ ಬೆಳೆಯುತ್ತಿರುವ 10ರಿಂದ 15 ವರ್ಷದ ಮಕ್ಕಳಲ್ಲಿ. ನಿಮಗೆ ಆ ವಯಸ್ಸಿನ ತಂಗಿಯೋ ತಮ್ಮನೋ ಇದ್ದರೆ ಅವರನ್ನೂ ಹೀಗೆ ಬಗ್ಗಿಸಿ ನೋಡಿ.

ಕಾಲಲ್ಲಿ ಜೋಮು ಅಥವಾ ಬಲ ಕಡಿಮೆಯಾದಂತೆ ಅನ್ನಿಸಿದರೆ, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು ಬಂದರೆ ಕಾಯಬೇಡಿ. ಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಇಷ್ಟು ಬಿಟ್ಟರೆ ಸುಮ್ನೆ ಕನ್ನಡಿ ಮುಂದೆ ನಿಂತು ಕೊರಗಬೇಡಿ. ಬೆಲ್ಟ್ ಬಿಚ್ಚಿದ ಮೇಲೆ ಭುಜ ಮತ್ತೆ ತನ್ನ ಜಾಗಕ್ಕೇ ಬರುತ್ತದೆ. ಆ ದುಡ್ಡಲ್ಲಿ ಈಜಲು ಹೋಗಿ. ಕೂತು ಕೆಲಸ ಮಾಡುವವರಾದರೆ ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಿ. ಟೈಲರ್‌ಗೆ ಮಾತ್ರ ಎರಡೂ ಭುಜದ ಅಳತೆ ಬೇರೆ ಬೇರೆ ತೆಗೆದುಕೊಳ್ಳಲು ಹೇಳಿ, ಶರ್ಟ್ ಚೆನ್ನಾಗಿ ಕೂರುತ್ತದೆ.