ಕೋನಕ್ಕೂ ನಿಮಿಷವೇ?

ಪ್ರಶ್ನೆ: ನಮ್ಮ ಬೋಟಿನ ಜಿಪಿಎಸ್ ಜಾಗವನ್ನು 14 ಡಿಗ್ರಿ 48.50 ನಿಮಿಷ ಎಂದು ತೋರಿಸುತ್ತದೆ. ಮಗಳ ಗಣಿತ ಪುಸ್ತಕದಲ್ಲಿ ಡಿಗ್ರಿ, ನಿಮಿಷ, ಸೆಕೆಂಡು ಎಂದಿದೆ. ಹೊತ್ತು ಅಳೆಯುವ ನಿಮಿಷಕ್ಕೆ ಕೋನದಲ್ಲೇನು ಕೆಲಸ?
– ಓದುಗರೊಬ್ಬರು, ಬೈತಖೋಲ, ಕಾರವಾರ

ಉತ್ತರ: ಗೊಂದಲಕ್ಕೆ ಅರ್ಧ ಕಾರಣ ನಾವು ಆರಿಸಿಕೊಂಡ ಪದ. ಸಂಸ್ಕೃತದ 'ನಿಮಿಷ' ಎಂದರೆ ಎವೆಯಿಕ್ಕುವಷ್ಟು ಹೊತ್ತು. ಅದು ಕಾಲದ ಮಾತೇ. ಮಿನಿಟಿನ ಮೂಲವಾದ ಲ್ಯಾಟಿನ್ ಪದದಲ್ಲಿ ಕಾಲದ ಸುಳಿವೇ ಇಲ್ಲ. 'ಮಿನುಟಾ' ಎಂದರೆ ಕಿರಿದು ಮಾಡಿದ್ದು, ಅಷ್ಟೆ. ಬ್ಯಾಬಿಲೋನಿಯದ ಅರವತ್ತರ ಲೆಕ್ಕವನ್ನು ಟಾಲೆಮಿಯಂಥ ಗ್ರೀಕ್ ಖಗೋಳಜ್ಞರು ಬಳಸಿದರು. ಮಧ್ಯಯುಗದ ಲ್ಯಾಟಿನ್ ಪಂಡಿತರು ಡಿಗ್ರಿಯ 60ನೇ ಒಂದು ಪಾಲನ್ನು 'ಪಾರ್ಸ್ ಮಿನುಟಾ ಪ್ರೀಮಾ', ಅಂದರೆ ಮೊದಲ ಕಿರುಪಾಲು ಎಂದರು. ಅದನ್ನು ಮತ್ತೆ 60 ಮಾಡಿದರೆ 'ಪಾರ್ಸ್ ಮಿನುಟಾ ಸೆಕುಂಡಾ', ಎರಡನೇ ಕಿರುಪಾಲು. ಮೊದಲನೆಯದರಲ್ಲಿ 'ಮಿನುಟಾ' ಉಳಿಯಿತು, ಎರಡನೆಯದರಲ್ಲಿ 'ಸೆಕುಂಡಾ'. ತಾಸನ್ನೂ ಹೀಗೇ ಅರವತ್ತು ಪಾಲು ಮಾಡಿದ್ದರಿಂದ ಅದೇ ಹೆಸರು ಗಡಿಯಾರಕ್ಕೂ ಬಂತು.

ನಮ್ಮ ಜ್ಯೋತಿಷ ಗ್ರಂಥಗಳಲ್ಲಿ ಈ ತೊಡಕಿಲ್ಲ. ಕೋನಕ್ಕೆ ಅಂಶ, ಕಲಾ, ವಿಕಲಾ. ಕಾಲಕ್ಕೆ ಘಟಿ, ವಿಘಟಿ. ಶಾಲೆಯ ಪುಸ್ತಕಗಳೂ ಕಲಾ, ವಿಕಲಾ ಎಂದೇ ಬರೆಯಬೇಕೆಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಎರಡು ನಿಮಿಷಗಳಿಗೂ ನಂಟು ಇದೆ, ಆದರೆ ಸಮವಲ್ಲ. ಭೂಮಿ 24 ತಾಸಿನಲ್ಲಿ 360 ಡಿಗ್ರಿ ತಿರುಗುವುದರಿಂದ ಗಡಿಯಾರದ 1 ನಿಮಿಷಕ್ಕೆ ಕೋನದ 15 ನಿಮಿಷ. ಕಾರವಾರದ ರೇಖಾಂಶ ಸುಮಾರು 74 ಡಿಗ್ರಿ 8 ನಿಮಿಷ; ಭಾರತೀಯ ಕಾಲಮಾನದ ರೇಖೆ 82 ಡಿಗ್ರಿ 30 ನಿಮಿಷ. ನಡುವಿನ ಅಂತರ 8 ಡಿಗ್ರಿ 22 ನಿಮಿಷ. ಹಾಗಾಗಿ ನಿಮ್ಮೂರಿನ ಸ್ಥಳೀಯ ಕಾಲ ಗಡಿಯಾರಕ್ಕಿಂತ ಸುಮಾರು ಮೂವತ್ಮೂರೂವರೆ ನಿಮಿಷ ಹಿಂದೆ.

ಈಗ ಬೋಟಿನ ವಿಷಯ. ಇಲ್ಲಿ ತಪ್ಪಿದರೆ ಬಲೆ ಬಂಡೆಗೆ ಸಿಕ್ಕೀತು. 48.50 ನಿಮಿಷದಲ್ಲಿ ಚುಕ್ಕಿಯ ನಂತರದ 50 ಸೆಕೆಂಡಲ್ಲ, ದಶಮಾಂಶ. ಅದನ್ನು 60ರಿಂದ ಗುಣಿಸಬೇಕು: 0.50 × 60 = 30 ಸೆಕೆಂಡು. ಅಕ್ಷಾಂಶದ 1 ನಿಮಿಷವೆಂದರೆ ಹೆಚ್ಚುಕಡಿಮೆ ಒಂದು ನಾಟಿಕಲ್ ಮೈಲು, 1,852 ಮೀಟರ್. 1 ಸೆಕೆಂಡು ಸುಮಾರು 31 ಮೀಟರ್. 30ನ್ನು 50 ಎಂದು ಓದಿದರೆ 600 ಮೀಟರಿಗೂ ಹೆಚ್ಚು ತಪ್ಪು! ಫೋನಿನ ನಕ್ಷೆ ಡಿಗ್ರಿಯನ್ನೇ ದಶಮಾಂಶದಲ್ಲಿ ಕೊಟ್ಟಿದ್ದರೆ ಇನ್ನೂ ಎಚ್ಚರ ಬೇಕು. 14.48 ಡಿಗ್ರಿ ಎಂದರೆ 14 ಡಿಗ್ರಿ 28.8 ನಿಮಿಷ. ಅದನ್ನು 48 ನಿಮಿಷ ಎಂದುಕೊಂಡ ತಾಂಡೇಲ (ಬೋಟು ನಡೆಸುವವ) 35 ಕಿಲೋಮೀಟರ್ ಉತ್ತರಕ್ಕೆ ಹೋಗಿರುತ್ತಾನೆ. ಇನ್ನೊಬ್ಬರಿಂದ ಜಾಗದ ಅಂಕಿ ಪಡೆಯುವಾಗ ಅದು ಯಾವ ಕ್ರಮದ್ದೆಂದು ಮೊದಲು ಕೇಳಿ, ಜಿಪಿಎಸ್‌ನ ಸೆಟ್ಟಿಂಗನ್ನೂ ಅದೇ ಕ್ರಮಕ್ಕೆ ಬದಲಿಸಿ.

ಇನ್ನೊಂದು ಮಾತು: ಮೈಲಿನ ಲೆಕ್ಕ ಅಕ್ಷಾಂಶಕ್ಕೆ ಮಾತ್ರ. ನಮ್ಮ ಕಡಲಲ್ಲಿ ರೇಖಾಂಶದ 1 ನಿಮಿಷ ಸುಮಾರು 1,790 ಮೀಟರ್. ಉತ್ತರಕ್ಕೆ ಹೋದಷ್ಟೂ ಅದು ಇನ್ನೂ ಕುಗ್ಗುತ್ತದೆ. ಚಾರ್ಟಿನಲ್ಲಿ ದೂರವನ್ನು ಎಡಬಲದ ಅಂಚಿನ ಅಳತೆಯಿಂದಲೇ ತೆಗೆಯಿರಿ, ಮೇಲೆ-ಕೆಳಗಿನ ಅಂಚಿನಿಂದಲ್ಲ.